ಮೈಲೇಜ್ ರಾಯರು

ಟೆಕ್ಸಸ್‌ನಲ್ಲಿ ಕನ್ನಡ ಸಂಘದ ಯುಗಾದಿ ನಡೆಯುವ ಯಾವುದೇ ಶಾಲೆಯ ಪಾರ್ಕಿಂಗ್ ಜಾಗದಲ್ಲಿ ಒಂದು ಸುತ್ತು ಹಾಕಿ. ಟೊಯೋಟಾ, ಹೋಂಡಾ, ಟೆಸ್ಲಾಗಳ ಸಾಲಿನಲ್ಲಿ ಒಂದು ಗಾಡಿ ಮಾತ್ರ ಗೆರೆ ದಾಟಿ ಚಾಚಿಕೊಂಡಿರುತ್ತದೆ. ಅದರ ಬಾನೆಟ್ಟು ನಿಮ್ಮ ಎದೆಯ ಮಟ್ಟಕ್ಕಿರುತ್ತದೆ. ರೇಷ್ಮೆ ಸೀರೆಯ ಹೆಂಗಸೊಬ್ಬರು ಒಂದು ಕೈಯಲ್ಲಿ ನೆರಿಗೆ, ಇನ್ನೊಂದು ಕೈಯಲ್ಲಿ ಪುಳಿಯೋಗರೆಯ ಟ್ರೇ ಹಿಡಿದು ಅದರಿಂದ ಕೆಳಗಿಳಿಯುವ ಬಗೆ ಹೇಗೆಂದು ಯೋಚಿಸುತ್ತಿದ್ದರೆ, ಅದು ಮೈಲೇಜ್ ರಾಯರ ಪಿಕಪ್ ಟ್ರಕ್ ಎಂದು ತಿಳಿಯಿರಿ. ಕೈ ಕೊಡಬೇಕಾದ ರಾಯರು ಮುಂದಿನ ಟೈರಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಯಾರೋ ಹೊಸಬರಿಗೆ ಗಾಳಿಯ ಪ್ರತಿರೋಧದ ಬಗ್ಗೆ ಹೇಳುತ್ತಿರುತ್ತಾರೆ.

ರಾಯರು ಒಬ್ಬರೇ ಅಲ್ಲ. ಡಾಲಸ್‌ನಲ್ಲಿ ಒಬ್ಬರಿದ್ದಾರೆ, ಆಸ್ಟಿನ್‌ನಲ್ಲಿ ಒಬ್ಬರಿದ್ದಾರೆ, ಹ್ಯೂಸ್ಟನ್‌ನಲ್ಲಿ ಇಬ್ಬರಿದ್ದು ಅವರಿಗೆ ಪರಸ್ಪರ ಆಗುವುದಿಲ್ಲ. ವಯಸ್ಸು ನಲವತ್ತೈದರ ಆಸುಪಾಸು, ಕೆಲಸ ಸಾಫ್ಟ್‌ವೇರು. ಗ್ರೀನ್ ಕಾರ್ಡಿಗೆ ಕಾದಷ್ಟು ವರ್ಷವೂ ಬೂದು ಬಣ್ಣದ ಕ್ಯಾಮ್ರಿ ಓಡಿಸಿದರು. ಕಾರ್ಡು ಕೈಗೆ ಬಂದ ತಿಂಗಳೇ ಫೋರ್ಡ್ ಎಫ್-150 ಮನೆಗೆ ಬಂತು. ಫೋರ್ಡ್ ಕಂಪನಿಯ ಎಫ್ ಸರಣಿ 1977ರಿಂದಲೂ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್ಕು. ಈ ನೆಲದಲ್ಲಿ ಬೇರು ಬಿಟ್ಟ ಮೇಲೆ ಈ ನೆಲದ ಗಾಡಿ ಬೇಡವೇ ಎಂಬುದು ರಾಯರ ವಾದ. 1500 ಪೌಂಡು ಹೊರಬಲ್ಲ ಗಾಡಿಯ ಹಿಂಬದಿಯಲ್ಲಿ ಇದುವರೆಗೆ ಪ್ರಯಾಣ ಮಾಡಿದ್ದು 20 ಪೌಂಡಿನ ಸೋನಾ ಮಸೂರಿ ಚೀಲಗಳು, ಮತ್ತೆ ಒಂದು ವರ್ಷ ಸಂಘದ ಗಣಪತಿ.

ಗಾಡಿ ಕೊಂಡದ್ದೇನೋ ಸರಿ. ಮೊದಲ ಸಲ ಟ್ಯಾಂಕು ತುಂಬಿಸಿ ರಸೀದಿ ನೋಡಿದ ಗಳಿಗೆಯಿಂದ ರಾಯರ ನಿದ್ದೆ ಹೋಯಿತು. ಅವರು ಬೆಳೆದದ್ದು ಗಾಡಿಯ ಬೆಲೆ ಕೇಳುವ ಮೊದಲು ‘ಎಷ್ಟು ಕೊಡ್ತದೆ?’ ಎಂದು ಕೇಳುವ ಊರಿನಲ್ಲಿ. ಪೆಟ್ರೋಲು ಮುಗಿದ ಬಜಾಜ್ ಸ್ಕೂಟರನ್ನು ಪಕ್ಕಕ್ಕೆ ಬಗ್ಗಿಸಿ, ಟ್ಯಾಂಕಿನ ಮೂಲೆಯಲ್ಲಿ ಅಡಗಿದ್ದ ಕೊನೆಯ ಹನಿಗಳನ್ನು ಕಾರ್ಬ್ಯುರೇಟರಿಗೆ ಇಳಿಸಿ ಬಂಕಿನವರೆಗೆ ತಲುಪಿದ ತಲೆಮಾರು ಅದು. ಇಳಿಜಾರು ಕಂಡರೆ ಇಂಜಿನ್ ಆಫ್, ಗೇರು ನ್ಯೂಟ್ರಲ್. ಡಾಲಸ್‌ನ ಸುತ್ತ ಇಳಿಜಾರೆಂಬುದೇ ಇಲ್ಲ. ಹಾಗಾಗಿ ರಾಯರು ಹೈ ಫೈವ್ ಎಂಬ ಐದು ಅಂತಸ್ತಿನ ಮೇಲ್ಸೇತುವೆಗಳ ಕೂಡುರಸ್ತೆಯನ್ನು ಹುಡುಕಿಕೊಂಡು ಹೋಗಿ, ಮೇಲಿನ ಅಂತಸ್ತಿನಿಂದ ಇಳಿಯುವಾಗ ನ್ಯೂಟ್ರಲಿಗೆ ಹಾಕುತ್ತಾರೆ. ಈಗಿನ ಇಂಜಿನ್ನು ಗೇರಿನಲ್ಲಿರುವಾಗ ಆಕ್ಸಲರೇಟರ್ ಬಿಟ್ಟರೆ ತಾನಾಗಿ ಪೆಟ್ರೋಲು ನಿಲ್ಲಿಸಿಕೊಳ್ಳುತ್ತದೆ, ನ್ಯೂಟ್ರಲಿನಲ್ಲಿದ್ದರೆ ಆರಿಹೋಗದಿರಲು ಒಂದಿಷ್ಟು ಕುಡಿಯುತ್ತಲೇ ಇರುತ್ತದೆ ಎಂದು ಮಗ ಹೇಳಿದ. ರಾಯರು ಒಪ್ಪಲಿಲ್ಲ. ಮಗ ಹುಟ್ಟಿದ್ದು ಇಲ್ಲಿ. ಅವನಿಗೆ ಪೆಟ್ರೋಲಿನ ಬೆಲೆ ಏನು ಗೊತ್ತು?

ಇಷ್ಟಕ್ಕೂ ಗಾಡಿ ಮೋಸ ಮಾಡಿರಲಿಲ್ಲ. ಷೋರೂಮಿನಲ್ಲೇ ಕಿಟಕಿಯ ಗಾಜಿಗೆ ಅಂಟಿಸಿದ್ದ ಚೀಟಿಯಲ್ಲಿ ಗ್ಯಾಲನ್ನಿಗೆ 19 ಮೈಲಿ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ರಾಯರು ಅದನ್ನು ಓದಿಯೇ ಸಹಿ ಹಾಕಿದ್ದರು. ಆದರೆ ಕಂಪನಿ ಹೇಳಿದ್ದಕ್ಕಿಂತ ಒಂದಿಷ್ಟು ಹೆಚ್ಚು ಕಿತ್ತುಕೊಳ್ಳದಿದ್ದರೆ ಎಂಜಿನಿಯರಿಂಗ್ ಓದಿದ್ದಾದರೂ ಏಕೆ? ಅಂದೇ ರಾತ್ರಿ ಎಕ್ಸೆಲ್ ಹಾಳೆ ತೆರೆಯಿತು. ತಾರೀಖು, ಮೀಟರ್ ಓದು, ಗ್ಯಾಲನ್ನು, ಬೆಲೆ, ಹವಾಮಾನ. ಕೊನೆಯದು ‘ಮಾಡಿಸಿದ ಬದಲಾವಣೆ’ ಎಂಬ ಕಾಲಮ್ಮು. ರಾಯರ ಜೀವನಚರಿತ್ರೆ ಬರೆಯುವವರಿಗೆ ಆ ಒಂದು ಕಾಲಮ್ಮು ಸಾಕು.

ಮೊದಲ ಬದಲಾವಣೆಗೂ ಮೈಲೇಜಿಗೂ ಸಂಬಂಧವಿರಲಿಲ್ಲ. ಪಕ್ಕದ ಮನೆಯವನ ಟ್ರಕ್ಕು ಎತ್ತರವಾಗಿತ್ತು, ಅಷ್ಟೆ. ರಾಯರು ತಮ್ಮದಕ್ಕೂ ಲಿಫ್ಟ್ ಕಿಟ್ ಹಾಕಿಸಿ, 32 ಇಂಚಿನ ಟೈರು ಬಿಚ್ಚಿಸಿ 35 ಇಂಚಿನದು ಕೂರಿಸಿದರು. ಮುಂದೆ ಉಕ್ಕಿನ ಬಂಪರು ಬಂತು. ಮುಂಬಂಪರಿನ ಕೆಳಗೆ ಜೋತಾಡುವ ಕಪ್ಪು ಪ್ಲಾಸ್ಟಿಕ್ ಪಟ್ಟಿ ನೋಡಲು ಚೆನ್ನಾಗಿಲ್ಲವೆಂದು ತಾವೇ ಸ್ಕ್ರೂ ಬಿಚ್ಚಿ ಗ್ಯಾರೇಜಿನ ಮೂಲೆಗೆ ಎಸೆದರು. ಗಾಳಿ ಗಾಡಿಯಡಿಗೆ ನುಗ್ಗಿ ಎಳೆದಾಡದಂತೆ ಕಂಪನಿಯವರು ಲೆಕ್ಕ ಹಾಕಿ ಇಟ್ಟದ್ದೇ ಆ ಪಟ್ಟಿಯನ್ನು. ಇದೇ ಫೋರ್ಡ್‌ನವರು 2015ರ ಮಾದರಿಯಲ್ಲಿ ಉಕ್ಕಿನ ಬಾಡಿ ತೆಗೆದು ಅಲ್ಯೂಮಿನಿಯಂ ಬಾಡಿ ಮಾಡಿ 700 ಪೌಂಡಿನವರೆಗೆ ತೂಕ ಇಳಿಸಿದ್ದರು. ರಾಯರು ಅದರಲ್ಲಿ ಒಂದು ಪಾಲನ್ನು ಸ್ವಂತ ಖರ್ಚಿನಲ್ಲಿ ಮತ್ತೆ ಮೇಲೇರಿಸಿದರು.

ಮುಂದಿನ ಟ್ಯಾಂಕಿನ ಲೆಕ್ಕ 15ಕ್ಕೆ ಇಳಿಯಿತು. ರಾಯರು ಒಂದು ರಾತ್ರಿ ಯೋಚಿಸಿ ಕಾರಣ ಹಿಡಿದೇಬಿಟ್ಟರು. ಟೈರು ದೊಡ್ಡದಾದರೆ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗುತ್ತದೆ. ಮೀಟರಿಗೆ ಅದು ತಿಳಿಯದು. ನಿಜವಾಗಿ 100 ಮೈಲಿ ಓಡಿದರೆ ಅದು 91 ಎನ್ನುತ್ತದೆ. ರಾಯರು ಎಕ್ಸೆಲ್‌ನಲ್ಲಿ ಒಂದು ಗುಣಾಕಾರ ಸೇರಿಸಿದರು. ಮೈಲೇಜು ಕೂತಲ್ಲೇ 16ರ ಮೇಲೆ ಹೋಯಿತು. ಹೆಂಡತಿಯನ್ನು ಎಬ್ಬಿಸಿ ತೋರಿಸಿದರು. ಆದರೆ ಅದೇ ಲೆಕ್ಕ ಸ್ಪೀಡಾಮೀಟರಿಗೂ ಅನ್ವಯಿಸುತ್ತದೆಂಬುದು ಅವರ ತಲೆಗೆ ಹೊಳೆಯಲಿಲ್ಲ. ಮುಳ್ಳು 75 ತೋರಿಸುವಾಗ ಗಾಡಿ 82ರಲ್ಲಿತ್ತು. ಹೆದ್ದಾರಿ ಪೊಲೀಸನಿಗೆ ರಾಯರು ಟೈರಿನ ಸುತ್ತಳತೆಯನ್ನು ಸೂತ್ರಸಹಿತ ವಿವರಿಸಿದರು. ಆತ ಕೊನೆಯವರೆಗೆ ಸಾವಧಾನವಾಗಿ ಕೇಳಿ, ಚೀಟಿ ಹರಿದು ಕೈಗೆ ಕೊಟ್ಟ.

ಮೀಟರು ಸರಿಪಡಿಸಲು 400 ಡಾಲರಿನ ಟ್ಯೂನರ್ ಬಂತು. ಅಂಗೈಯಗಲದ ಯಂತ್ರ, ಸ್ಟೇರಿಂಗಿನ ಕೆಳಗೆ ಸಿಕ್ಕಿಸಿದರೆ ಇಂಜಿನ್ನಿನ ಕಂಪ್ಯೂಟರಿಗೆ ಹೊಸ ಪಾಠ ಹೇಳಿಕೊಡುತ್ತದೆ. ಟೈರಿನ ಅಳತೆ ತಿದ್ದಿ ಸುಮ್ಮನಿರಬಹುದಿತ್ತು. ಒಳಗೆ ಇನ್ನೊಂದು ಆಯ್ಕೆಯಿತ್ತು: ಹೆಚ್ಚು ಶಕ್ತಿ, ಆದರೆ 93 ಆಕ್ಟೇನ್ ಪೆಟ್ರೋಲು ಹಾಕಬೇಕು. ರಾಯರು ಹಾಕಿದರು. ಸಾಮಾನ್ಯ 87 ಆಕ್ಟೇನಿಗಿಂತ ಗ್ಯಾಲನ್ನಿಗೆ ದುಡ್ಡು ಹೆಚ್ಚು ಕೊಟ್ಟು ಕಾಲು ಮೈಲಿ ಗಳಿಸಿದರು. ಆಮೇಲೆ ಕೋಲ್ಡ್ ಏರ್ ಇಂಟೇಕ್. ಹೊಳೆಯುವ ಕೊಳವೆ, ಕೆಂಪು ಫಿಲ್ಟರು. ಬಾನೆಟ್ ಎತ್ತಿ ನೋಡಿದರೆ ಕಣ್ಣಿಗೆ ಹಬ್ಬ. ಇಂಜಿನ್ನು ಸರಾಗವಾಗಿ ಉಸಿರಾಡಿದರೆ ಪೆಟ್ರೋಲು ಉಳಿಯುತ್ತದೆಂಬ ನಂಬಿಕೆ ಕಾರ್ಬ್ಯುರೇಟರ್ ಕಾಲದ್ದು. ಕೊಳೆ ಕಟ್ಟಿದ ಏರ್ ಫಿಲ್ಟರಿನಿಂದಲೂ ಈಗಿನ ಇಂಜಿನ್ನುಗಳ ಮೈಲೇಜಿಗೆ ಹೇಳಿಕೊಳ್ಳುವಂಥ ಪೆಟ್ಟು ಬೀಳುವುದಿಲ್ಲ, ವೇಗ ಹಿಡಿಯುವುದಷ್ಟೇ ನಿಧಾನವಾಗುತ್ತದೆ ಎಂದು ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲೇ ಪರೀಕ್ಷಿಸಿ ಹೇಳಿತ್ತು. ರಾಯರ ಇಂಜಿನ್ನು ಈಗ ಹೆಚ್ಚು ಸದ್ದು ಮಾಡುತ್ತದೆ. ಸದ್ದು ಹೆಚ್ಚಾದದ್ದರಿಂದ ಅವರಿಗೆ ಖುಷಿಯಾಗಿ ಆಕ್ಸಲರೇಟರನ್ನು ಇನ್ನಷ್ಟು ಒತ್ತುತ್ತಾರೆ.

ಹಿಂದಿನ ಬಾಗಿಲಿನ ಕಥೆ ಬೇರೆ. ಅದನ್ನು ಇಳಿಸಿಕೊಂಡು ಓಡಿಸಿದರೆ ಗಾಳಿ ಸಲೀಸಾಗಿ ಹಾದುಹೋಗುತ್ತದೆಂದು ಟೆಕ್ಸಸ್‌ನ ಅರ್ಧ ಜನ ನಂಬುತ್ತಾರೆ. ರಾಯರೂ ನಂಬಿ ಬಾಗಿಲು ತೆರೆದುಕೊಂಡೇ ದಿನಸಿ ಅಂಗಡಿಗೆ ಹೋಗಿಬಂದರು. ಎರಡು ತಿರುವು ದಾಟುವಷ್ಟರಲ್ಲಿ ಅಕ್ಕಿ ಚೀಲ ಜಾರಿ ರಸ್ತೆಯ ಪಾಲಾಯಿತು. ವಾಸ್ತವದಲ್ಲಿ ಬಾಗಿಲು ಮುಚ್ಚಿದ್ದರೆ ಸಾಮಾನು ಹೇರುವ ಹಿಂಬದಿಯ ಬೆಡ್ಡಿನೊಳಗೆ ಗಾಳಿ ಸುಳಿಯಾಗಿ ಸುತ್ತುತ್ತ ಕೂರುತ್ತದೆ. ಮೇಲಿನ ಗಾಳಿ ಆ ಸುಳಿಯ ಮೇಲಿಂದ ನುಣುಪಾಗಿ ಜಾರಿಹೋಗುತ್ತದೆ. ತೆರೆದರೆ ಸುಳಿ ಕೆಡುತ್ತದೆ, ಎಳೆತ ಹೆಚ್ಚುತ್ತದೆ. ‘ಮಿಥ್‌ಬಸ್ಟರ್ಸ್’ ಟಿವಿ ಕಾರ್ಯಕ್ರಮದವರು ಗಾಡಿ ಓಡಿಸಿಯೇ ತೋರಿಸಿದ್ದರು, ಮುಚ್ಚಿದ ಬಾಗಿಲೇ ಲೇಸೆಂದು. ಅಲ್ಲಿಂದ ಮುಂದೆ ರಾಯರು ಬೆಡ್ಡಿಗೆ ಮಡಿಸುವ ಮುಚ್ಚಳ ಹಾಕಿಸಿದರು. ಹೆದ್ದಾರಿಯಲ್ಲಿ ಅದರಿಂದ ತುಸು ಲಾಭವಿದೆ. ಮುಚ್ಚಳದ ಬೆಲೆ ಪೆಟ್ರೋಲಿನಲ್ಲಿ ಹುಟ್ಟುವ ಹೊತ್ತಿಗೆ ಮಗನ ಮದುವೆಯಾಗಿರುತ್ತದೆ.

ಇಷ್ಟಾದ ಮೇಲೆ ಮನುಷ್ಯ ಅಯಸ್ಕಾಂತಕ್ಕೆ ಬರಲೇಬೇಕು. ಪೆಟ್ರೋಲು ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಸುರಿಯುವ ಔಷಧಿ, ಸಾಕೆಟ್ಟಿಗೆ ಸಿಕ್ಕಿಸಿದರೆ ಹಸಿರು ದೀಪ ಮಿಣುಕಿಸುವ ಡಬ್ಬಿ. ಅಮೆರಿಕ ಸರ್ಕಾರದ ಪರಿಸರ ಸಂಸ್ಥೆ ಇಪಿಎ ಇಂಥ 100ಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಮೈಲೇಜನ್ನು ಗಮನಾರ್ಹವಾಗಿ ಏರಿಸುವಂಥದ್ದು ಒಂದೂ ಸಿಕ್ಕಿಲ್ಲ. ರಾಯರಿಗೆ ಇದು ಗೊತ್ತು. ಗೊತ್ತಿದ್ದೂ ಡಬ್ಬಿ ತರಿಸಿದರು, ಹದಿನೈದು ಡಾಲರ್ ಏನು ಮಹಾ ಎಂದು. ದೀಪ ಚೆನ್ನಾಗಿ ಮಿಣುಕುತ್ತದೆ.

ಹಾಗೆಂದು ರಾಯರನ್ನು ದಡ್ಡರ ಪಟ್ಟಿಗೆ ಸೇರಿಸುವಂತಿಲ್ಲ. ಪ್ರಿಯಸ್ ಇಟ್ಟುಕೊಂಡ ಗೆಳೆಯರು ನಕ್ಕಾಗ ಅವರು ಬಿಡಿಸಿಡುವ ಲೆಕ್ಕ ಅಪ್ಪಟ ಸತ್ಯ. ವರ್ಷಕ್ಕೆ 12,000 ಮೈಲಿ ಓಡುವ ಟ್ರಕ್ಕು 15ರಿಂದ 18ಕ್ಕೆ ಏರಿದರೆ ಸುಮಾರು 133 ಗ್ಯಾಲನ್ ಉಳಿಯುತ್ತದೆ. ಅಷ್ಟೇ ದೂರ ಓಡುವ ಪ್ರಿಯಸ್ 50ರಿಂದ 60ಕ್ಕೆ ಏರಿದರೂ ಉಳಿಯುವುದು 40 ಗ್ಯಾಲನ್. ಹೆಚ್ಚು ಕುಡಿಯುವ ಗಾಡಿಯಲ್ಲಿ ಸಣ್ಣ ಸುಧಾರಣೆಗೂ ದೊಡ್ಡ ಫಲವಿದೆ. ಗೆಳೆಯರು ಬಾಯಿ ಮುಚ್ಚಿಕೊಳ್ಳುತ್ತಾರೆ. ಆಗ ರಾಯರ ಹೆಂಡತಿ ಮಾತ್ರ ಒಂದು ಪ್ರಶ್ನೆ ಕೇಳುತ್ತಾರೆ: “ಅಲ್ಲಾ ರೀ, ಮೊದಲು ಹತ್ತೊಂಬತ್ತಿದ್ದಿದ್ದನ್ನ ಹದಿನೈದಕ್ಕೆ ಇಳಿಸಿದ್ಯಾರು?”

ಆ ಪ್ರಶ್ನೆ ಒಂದು ದಿನ ನಾಟಿತು. 35 ಇಂಚಿನ ಟೈರು ಅರ್ಧ ಬೆಲೆಗೆ ಹೋಯಿತು, ಲಿಫ್ಟ್ ಕಿಟ್ ಬಿಚ್ಚಿತು, ಉಕ್ಕಿನ ಬಂಪರು ಪಕ್ಕದ ಮನೆಯವನ ಪಾಲಾಯಿತು. ಕಪ್ಪು ಪ್ಲಾಸ್ಟಿಕ್ ಪಟ್ಟಿ ಗ್ಯಾರೇಜಿನಿಂದ ಹೊರಬಂದು ತನ್ನ ಜಾಗಕ್ಕೆ ಮರಳಿತು. ಎಕ್ಸೆಲ್‌ನಲ್ಲಿ ಸಂಖ್ಯೆಗಳು ಏರತೊಡಗಿದವು. 16, 17, 18. ಕೊನೆಗೊಂದು ಶನಿವಾರ 19 ಬಂದಾಗ ರಾಯರು ಮನೆಯಲ್ಲಿ ಪಾಯಸ ಮಾಡಿಸಿದರು. ನಾಲ್ಕು ಮೈಲಿಯ ಗಳಿಕೆಗೆ ಆದ ಖರ್ಚು 4000 ಡಾಲರ್. ಕಿಟಕಿಗೆ ಅಂಟಿಸಿದ್ದ ಚೀಟಿ ಇನ್ನೂ ಗಾಡಿಯ ಕಾಗದಪತ್ರಗಳ ಕಡತದಲ್ಲೇ ಇದೆ, ಅದರಲ್ಲಿಯೂ 19 ಎಂದೇ ಇದೆ ಎಂದು ಹೇಳಿ ಪಾಯಸ ಕೆಡಿಸಲು ಯಾರಿಗೂ ಮನಸ್ಸಾಗಲಿಲ್ಲ.

ಆ ಬೇಸಿಗೆಯಲ್ಲಿ ಹಾಸನದಿಂದ ರಾಯರ ಮಾವನವರು ಬಂದರು. ಕೆಎಸ್‌ಆರ್‌ಟಿಸಿ ಡಿಪೋಗೆ ಮೆಕ್ಯಾನಿಕ್ ಆಗಿ ಸೇರಿ ಚಾರ್ಜ್‌ಮನ್ ಆಗಿ ನಿವೃತ್ತರಾದವರು. ಡಿಪೋದಲ್ಲಿ ದೇವರ ಪಟಕ್ಕಿಂತ ಹೆಚ್ಚು ಜನ ನೋಡುತ್ತಿದ್ದದ್ದು ಕೆಎಂಪಿಎಲ್ ಬೋರ್ಡನ್ನು, ಅಂದರೆ ಯಾವ ಡ್ರೈವರು ಲೀಟರಿಗೆ ಎಷ್ಟು ಓಡಿಸಿದ ಎಂಬ ಲೆಕ್ಕವನ್ನು. ಏರ್‌ಪೋರ್ಟಿನಿಂದ ಹೊರಟು ಹತ್ತು ನಿಮಿಷ ಗಾಡಿಯ ಒಳಗನ್ನು ಮೆಚ್ಚಿ, ನಂತರ ಕೇಳಬೇಕಾದ್ದನ್ನು ಕೇಳಿದರು.

“ಅಳಿಯಂದ್ರೇ, ಎಷ್ಟ್ ಕೊಡ್ತದೆ?”

“ಹತ್ತೊಂಬತ್ತು, ಮಾವ.”

“ಪರವಾಗಿಲ್ವೇ! ಇಷ್ಟ್ ದೊಡ್ಡ ಗಾಡಿಗೆ ಹತ್ತೊಂಬತ್ತು ಅಂದ್ರೆ ಕಮ್ಮೀನಾ?”

ರಾಯರು ಮೈಲಿಯ ಸುದ್ದಿಯನ್ನೂ ಎತ್ತಲಿಲ್ಲ, ಗ್ಯಾಲನ್ನಿನ ಸುದ್ದಿಯನ್ನೂ ಎತ್ತಲಿಲ್ಲ. ಮರ್ಯಾದೆ ಒಂದು ವಾರ ಉಳಿಯಿತು. ಎಂಟನೆಯ ದಿನ ಬಂಕಿನಲ್ಲಿ ಮಾವನವರು ಕೆಳಗಿಳಿದು ಪಂಪಿನ ಅಂಕಿಗಳನ್ನು ಕಣ್ಣಿಟ್ಟು ನೋಡಿದರು. ಒಂದು ಗ್ಯಾಲನ್ನಿಗೆ ಎಷ್ಟು ಲೀಟರು, ಒಂದು ಮೈಲಿಗೆ ಎಷ್ಟು ಕಿಲೋಮೀಟರು ಎಂದು ಮೊಮ್ಮಗನನ್ನು ಕೇಳಿ ತಿಳಿದರು. ಜೇಬಿನ ಪೆನ್ನು ತೆಗೆದು ರಸೀದಿಯ ಹಿಂಬದಿಯಲ್ಲಿ ಗುಣಿಸಿ, ಭಾಗಿಸಿ, ಉತ್ತರದ ಕೆಳಗೆ ಎರಡು ಗೆರೆ ಎಳೆದರು. ಎಂಟು.

“ನಮ್ ಡಿಪೋ ಬಸ್ಸು ಐವತ್ತು ಜನರನ್ನ ಹೊತ್ಕೊಂಡು ಐದು ಕೊಡ್ತಿತ್ತು, ಅಳಿಯಂದ್ರೇ,” ಎಂದಷ್ಟೇ ಹೇಳಿ ರಸೀದಿಯನ್ನು ಮಡಿಸಿ ವಾಪಸು ಕೊಟ್ಟರು.

ಮರುದಿನ ಬೆಳಗ್ಗೆ ಕಾಫಿಗೆ ಮೊದಲೇ ಮಾವನವರು ಗಾಡಿಯ ಸುತ್ತ ಇದ್ದರು. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಟೈರಿನ ಗಾಳಿ ಎಷ್ಟಿರಬೇಕೆಂಬ ಚೀಟಿ ಇರುತ್ತದೆ. ಅದನ್ನು ಮೊಮ್ಮಗನಿಂದ ಓದಿಸಿದರು. ನಾಲ್ಕು ಟೈರಿನಲ್ಲೂ ಗಾಳಿ ಕಮ್ಮಿ. ತುಂಬಿಸಿದರು. ಹಿಂದಿನ ಸೀಟಿನಡಿಯಲ್ಲಿದ್ದ ಟೂಲ್ ಬಾಕ್ಸು, ಸರಪಳಿ, ಎರಡು ಜಾಕ್ ಇಳಿಸಿದರು. 100 ಪೌಂಡು ತೂಕಕ್ಕೆ ಶೇಕಡಾ ಒಂದರಷ್ಟು ಮೈಲೇಜು ಹೋಗುತ್ತದೆಂಬ ಅಮೆರಿಕ ಸರ್ಕಾರದ ಲೆಕ್ಕ ಅವರು ಓದಿರಲಿಲ್ಲ, ಡಿಪೋದಲ್ಲಿ ಕಂಡಿದ್ದರು. ಆಸ್ಟಿನ್‌ಗೆ ಹೊರಟಾಗ ಪಕ್ಕದ ಸೀಟಿನಲ್ಲಿ ಕೂತು, “ಅರವತ್ತು ದಾಟ್‌ಬೇಡಿ, ಬ್ರೇಕಿಗೆ ಕೆಲಸ ಕೊಡ್‌ಬೇಡಿ” ಎಂದರು. ಗಾಳಿಯ ಎಳೆತ ವೇಗದ ವರ್ಗದಂತೆ ಏರುತ್ತದೆ. ಗೋಡೆಯಂಥ ಮುಖದ ಪಿಕಪ್ಪಿಗೆ ಅದರ ಪೆಟ್ಟು ಹೆಚ್ಚು. 1973ರ ತೈಲ ಬಿಕ್ಕಟ್ಟಿನ ಬೆನ್ನಿಗೆ, 1974ರಲ್ಲಿ, ಅಮೆರಿಕ ಇಡೀ ದೇಶಕ್ಕೆ 55 ಮೈಲಿಯ ಮಿತಿ ಹಾಕಿದ್ದು ಇದೇ ಕಾರಣಕ್ಕೆ. 1995ರಲ್ಲಿ ಅದನ್ನು ತೆಗೆದರು. ಟೆಕ್ಸಸ್‌ನಲ್ಲಂತೂ 2012ರಿಂದ 85 ಮೈಲಿಯ ಮಿತಿಯಿರುವ ರಸ್ತೆಯೇ ಇದೆ. ದೇಶದಲ್ಲಿ ಅದಕ್ಕಿಂತ ಹೆಚ್ಚಿನ ಮಿತಿ ಬೇರೆಲ್ಲೂ ಇಲ್ಲ. ರಾಯರು ಮಾತ್ರ ಅರವತ್ತರಲ್ಲೇ ಸಾಗಿದರು. ಲಾರಿಗಳೆಲ್ಲ ಹಾರನ್ ಹೊಡೆದು ಮುಂದೆ ಹೋದವು. ಆಸ್ಟಿನ್ ತಲುಪುವಾಗ ಮೈಲೇಜು 22 ಆಗಿತ್ತು.

ಆ ರಾತ್ರಿ ರಾಯರು ಎಕ್ಸೆಲ್ ಮುಂದೆ ಬಹಳ ಹೊತ್ತು ಕೂತರು. ‘ಮಾಡಿಸಿದ ಬದಲಾವಣೆ’ ಕಾಲಮ್ಮಿನಲ್ಲಿ ಏನು ಬರೆಯುವುದು? ಕೊನೆಗೆ ‘ಮಾವ’ ಎಂದು ಬರೆದು, ಬೆಲೆಯ ಮುಂದೆ ಸೊನ್ನೆ ಹಾಕಿದರು. ವೀಸಾದ ಆರು ತಿಂಗಳು ಮುಗಿದು ಮಾವನವರು ಹಾಸನಕ್ಕೆ ಮರಳಿದ ಮೇಲೆ ಅದೇ ಹಾಳೆಯಲ್ಲಿ ಇನ್ನೊಂದು ಸಾಲು ಸೇರಿದೆ: ‘ಮಾವ ತೆಗೆದದ್ದು. ನಷ್ಟ 3.’

ಈಗ ಅವರು ಯಾವುದೋ ಹೊಸ ಸ್ಪಾರ್ಕ್ ಪ್ಲಗ್ ಹುಡುಕುತ್ತಿದ್ದಾರೆ. ಅರವತ್ತರಲ್ಲಿ ಓಡಿಸಿದರೆ ಸಾಕೆಂದು ತಿಳಿಯದೆ ಅಲ್ಲ. ಅದನ್ನು ಕೊಳ್ಳಲು ಬರುವುದಿಲ್ಲ, ಪೆಟ್ಟಿಗೆ ಬಿಚ್ಚಲು ಬರುವುದಿಲ್ಲ, ಸಂಘದವರಿಗೆ ಬಾನೆಟ್ ಎತ್ತಿ ತೋರಿಸಲು ಬರುವುದಿಲ್ಲ. ಟ್ರಕ್ಕಿನ ಆಸೆಯನ್ನೂ ಬಿಡಲಾರದೆ, ಊರಿನಿಂದ ತಂದ ಜಿಪುಣತನವನ್ನೂ ಬಿಡಲಾರದೆ ಎರಡಕ್ಕೂ ಒಟ್ಟಿಗೆ ನೈವೇದ್ಯ ಮಾಡುವವರು ರಾಯರು.

ಆದ್ದರಿಂದ ಟೆಕ್ಸಸ್ ಕನ್ನಡಿಗರಲ್ಲಿ ಒಂದು ವಿನಂತಿ. ಮನೆ ಬದಲಿಸುವಾಗ ಬಾಡಿಗೆ ಲಾರಿ ಹುಡುಕಬೇಡಿ, ರಾಯರನ್ನು ಕರೆಯಿರಿ. ಸೋಫಾ, ಮಂಚ, ಫ್ರಿಜ್ಜು ಹೊತ್ತ ದಿನ ಆ ಗಾಡಿ ಹುಟ್ಟಿದ್ದಕ್ಕೂ ಸಾರ್ಥಕ, ಕುಡಿದ ಪೆಟ್ರೋಲಿಗೂ ನ್ಯಾಯ. ದುಡ್ಡು ಕೊಡಲು ಹೋಗಬೇಡಿ, ಅವರು ಮುಟ್ಟುವುದಿಲ್ಲ. ಹೊರಡುವ ಮೊದಲು ಟೈರಿನ ಗಾಳಿಯೊಂದನ್ನು ನೀವೇ ನೋಡಿಬಿಡಿ.