ಮುಪ್ಪಿಗೂ ಚಿತ್ರಕಥಿ ಬೇಕ್ರೀ

ಅಲ್ರೀ ಅಕ್ಕಾರ, ನಿನ್ನೆ ಹಿತ್ತಲ ಗ್ವಾಡಿ ಆ ಕಡೆಯಿಂದ ನೋಡಿ, "ಈ ವಯಸ್ಸಿನ್ಯಾಗ ಮಕ್ಕಳ ಪುಸ್ತಕ ಹಿಡಕೊಂಡು ಕುಂತೀರೆಲ್ರೀ" ಅಂದ್ರಿ. ಅಷ್ಟರಾಗ ನಿಮ್ಮ ಮೊಮ್ಮಗ ಅಳಾಕ ಹತ್ತಿದ, ಮಾತು ಅಲ್ಲೇ ನಿಂತಿತು. ಇವತ್ತು ಪುರುಸೊತ್ತೈತಿ, ಹೇಳ್ತೀನಿ ಕೇಳ್ರಿ.

ಅರವತ್ತು ದಾಟಿತಂದ್ರ ನಮ್ಮ ಕೈಯಾಗ ಏನಿರಬೇಕು ಅನ್ನೂದನ್ನ ಮಂದೀನ ಗೊತ್ತು ಮಾಡಿಬಿಡ್ತಾರ. ವಚನದ ಪುಸ್ತಕ ಇರಬೇಕು, ಪುರಾಣ ಇರಬೇಕು, ಬಿ.ಪಿ. ಗುಳಿಗಿ ಇರಬೇಕು. ವಚನ ನಾನೂ ಓದ್ತೀನ್ರಿ, ದಿನಾ ಮುಂಜಾನೆ ಓದ್ತೀನಿ. ಆದ್ರ ಚಿತ್ರಕಥಿ ಬಿಟ್ಟು ಮುಪ್ಪು ಕಳಿ ಅಂದ್ರ ನನ್ನ ಕಡೆಯಿಂದ ಆಗೂದಿಲ್ಲ.

ನಾ ಸಣ್ಣಾಂವ ಇದ್ದಾಗ 'ಸುಧಾ' ಬಂದ ದಿನ ಹಿರೇರು ಧಾರಾವಾಹಿ ಹುಡುಕಿದ್ರ ನಾವು ಫ್ಯಾಂಟಮ್ ಹುಡುಕತಿದ್ವಿ. ಅಂವಗ ಸಾವಿಲ್ಲ ಅಂತ ಕಾಡಿನ ಮಂದಿ ನಂಬ್ಯಾರ. ಖರೇ ಸಂಗತಿ ಏನಂದ್ರ ಅಪ್ಪ ಸತ್ತ ಮ್ಯಾಲೆ ಮಗ ಅದ ಮುಖವಾಡ ಹಾಕ್ಕೊಂಡು ಹೊರಗ ಬರ್ತಾನ. ನಾವು ಓದಿದ ಫ್ಯಾಂಟಮ್ 21ನೇ ತಲಿಮಾರಿನಾಂವ. ಆಗ ನನ್ನ ಕಣ್ಣೆಲ್ಲ ಅವನ ಬಿಳಿ ಕುದುರಿ ಮ್ಯಾಲೆ, ತಲಿಬುರುಡಿ ಉಂಗುರದ ಮ್ಯಾಲೆ. ಸಾಯೂ ಅಪ್ಪನ ಹಾಸಿಗಿ ಹತ್ರ ಕುಂತ ಮಗನ್ನ ನಾನು ನೋಡೇ ಇರಲಿಲ್ಲ. ಈಗ ಆ ಹಾಳಿ ದಾಟೂದು ಕಷ್ಟ ಆಗ್ತೈತ್ರಿ. ನನ್ನ ಅಪ್ಪನೂ ಹೋದ, ನನ್ನ ಮಗನಿಗೂ ತಲಿ ಬೆಳ್ಳಗಾಗಾಕ ಹತ್ತಿತು. ಫ್ಯಾಂಟಮ್ ಕಥಿ ಬರದ ಲೀ ಫಾಕ್ 1936ರಾಗ ಶುರು ಮಾಡಿದವರು 1999ರಾಗ ತೀರಿಕೊಳ್ಳೂ ಮಟ ಬರೀತನ ಇದ್ರು. ಆಗ ಅವರಿಗೆ 87 ವರ್ಷ. ಬರಿಯವರಿಗೆ ವಯಸ್ಸು ಅಡ್ಡ ಬರಲಿಲ್ಲ ಅಂದಮ್ಯಾಲೆ ಓದವರಿಗೆ ಯಾಕ ಬರಬೇಕು?

ಹಿಂದಿಯೊಳಗ ಚಿತ್ರಕಾರ ಪ್ರಾಣ್ ಅವರು 1971ರಾಗ ಚಾಚಾ ಚೌಧರಿ ಅನ್ನೂ ಮುದುಕನ್ನ ಹುಟ್ಟಿಸಿದ್ರು. ಬಿಳಿ ಮೀಸಿ, ಕೆಂಪು ಪಟಕಾ, ಕೈಯಾಗ ಬಡಿಗಿ. ಹೊಡದಾಟಕ್ಕ ಗುರುಗ್ರಹದಿಂದ ಬಂದ ಸಾಬು ಇದ್ದಾನ, ಆದ್ರ ದಾರಿ ಹುಡುಕಾಂವ ಮುದುಕನ. ನಮ್ಮಂಥವರನ್ನ ನಾಯಕರನ್ನ ಮಾಡಿದ್ದು ಚಿತ್ರಕಥಿ, ಸಿನಿಮಾ ಅಲ್ಲ.

ನಾನು ಪ್ರೆಸ್ಸಿನ್ಯಾಗ ದುಡಿದಾಂವ ಅನ್ನೂದು ನಿಮಗ ಗೊತ್ತೈತಿ. ನಮ್ಮ ಗದಗಕ್ಕ ಮುದ್ರಣಕಾಶಿ ಅಂತಾರ. ಇಲ್ಲಿ ಶಾಬಾದಿಮಠದವರು ಅಚ್ಚು ಹಾಕಿದ ಪುರಾಣ, ಬಯಲಾಟದ ಪುಸ್ತಕ ಜಾತ್ರಿ ಜಾತ್ರಿಗೂ ಹೋಗಿ ಮಾರಾಟ ಆಗ್ಯಾವ. ಮೊಳಿ ಜೋಡಿಸಿದ ಕೈಗೆ ಚಿತ್ರಕಥಿ ಸಿಕ್ಕರ ಕಥಿ ಅಷ್ಟ ಕಾಣಂಗಿಲ್ರಿ. ನನ್ನ ಕಡೆ 'ಅಮರ ಚಿತ್ರ ಕಥಾ'ದ ಹಳೇ 'ಕೃಷ್ಣ' ಐತಿ. ಭೂತಗನ್ನಡಿ ಇಟ್ಟು ನೋಡಿದ್ರ ಕೃಷ್ಣನ ಮೈ ನೀಲಿ ಮೂಗಿನ ಗೆರಿ ದಾಟಿ ಒಂದು ಕೂದಲೆಳಿಯಷ್ಟು ಹೊರಗ ನಿಂತೈತಿ. ಹಳದಿ, ಕೆಂಪು, ನೀಲಿ, ಕಪ್ಪು, ನಾಲ್ಕು ಪ್ಲೇಟ್ ಒಂದರ ಮ್ಯಾಲೊಂದು ಕುಂದ್ರಬೇಕು. ಒಂದು ಸರಿದ್ರ ಹಿಂಗ ಆಗ್ತೈತಿ. ಮಾತಿನ ಗುಳ್ಳಿ ನೋಡ್ರಿ ಇನ್ನ. ಇಂಗ್ಲಿಷಿನ ಅಳತಿಗೆ ತಗದ ಗುಳ್ಳಿ ಅದು. ಇಂಗ್ಲಿಷಿಗೆ ಒತ್ತಕ್ಷರ ಇಲ್ಲ, ಸಾಲು ಒತ್ತಿ ಬರದ್ರೂ ನಡೀತೈತಿ. ನಮ್ಮ 'ಸ್ತ್ರ', 'ಷ್ಟ್ರ' ಕೆಳಗ ಇಳದು ಮುಂದಿನ ಸಾಲಿನ ತಲಕಟ್ಟಿಗೆ ಬಡೀತಾವ. ಅದನ್ನ ಕೈಲೆ ಬರದ ಪುಣ್ಯಾತ್ಮ ಯಾರೋ, ಮಾತು ಸಣ್ಣದು ಮಾಡಿ, ಅಕ್ಷರ ಓರಿ ಮಾಡಿ, ಗುಳ್ಳಿ ಒಳಗ ಹೊಂದಿಸ್ಯಾನ. ಅವನ ಹೆಸರು ಪುಸ್ತಕದಾಗ ಎಲ್ಲೂ ಇಲ್ಲ. ಅಂವಗ ನಾನು ಕೈ ಮುಗೀತೀನಿ.

ಇನ್ನೊಂದು ಮಾತು ಅಕ್ಕಾರ. 'ಅಮರ ಚಿತ್ರ ಕಥಾ' ಅಂದಕೂಡ್ಲೆ ಮಂದಿ ಮುಂಬೈ ಅಂತಾರ. ಅದರ ಸಂಪಾದಕರಾಗಿದ್ದ ಅನಂತ ಪೈ ನಮ್ಮ ಕಾರ್ಕಳದವರು. ಮೊದಲ ಹತ್ತು ಪುಸ್ತಕ ಪರದೇಶದ ಕಥಿಗಳು. ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಉಮೇದಿಯಿಂದ ಅವು ಕನ್ನಡದಾಗ ಬಂದುವು. ಅದಕ್ಕ 'ಕೃಷ್ಣ'ನ ನಂಬರು 11. ಮುಂದ ಅದ ಮಾಲಿಕಿಯೊಳಗ ಮಹಾಭಾರತ 42 ಸಂಚಿಕಿ ಆಗಿ ಬಂತು. ಕುಮಾರವ್ಯಾಸ ಭಾರತ ಬರದ ಅನ್ನೂ ವೀರನಾರಾಯಣ ಗುಡಿ ನಮ್ಮ ಊರಾಗ ಐತಿ. ಈ ಊರಿನಾಂವ ಚಿತ್ರದ ಭಾರತ ಓದಿದ್ರ ಅದು ಮಕ್ಕಳಾಟ ಹೆಂಗ ಆಗ್ತೈತ್ರಿ?

ನಮ್ಮ ಕಡೆ ಹಳೇ ಗುಡಿ ಅಂಗಳದಾಗಿನ ವೀರಗಲ್ಲು ನೋಡೀರೇನು? ಕೆಳಗಿನ ಪಟ್ಟಿಯೊಳಗ ಕಾಳಗ, ನಡುವ ಅಪ್ಸರೆಯರು ವೀರನ್ನ ಮ್ಯಾಲೆ ಕರಕೊಂಡು ಹೋಗೂದು, ತುದಿಗೆ ಶಿವಲಿಂಗದ ಮುಂದ ಅಂವ ಕುಂತದ್ದು. ಕೆಳಗಿಂದ ಮ್ಯಾಲಕ್ಕ ಓದಬೇಕು. ನನಗ ಅದೂ ಚಿತ್ರಕಥೀನ. ಅದನ್ನ ಕಡದಾಂವ ಮಕ್ಕಳಿಗಂತ ಕಡದಿಲ್ಲ.

ಇನ್ನ ನನ್ನ ಮಗ, ಚಿತ್ರಕಥಿಯ ಇಲಿ ನಾಯಕ ಡಿಂಗನ ಕಾಲದಾಂವ. ಕೊಟ್ಟಾಯಂನ ಮಂಗಳಂ ಸಂಸ್ಥೆಯ 'ಬಾಲಮಂಗಳ' ಆ ಇಲಿಯನ್ನ ಕನ್ನಡಕ್ಕ ತಂತು. ಮಗ ಸಾಲಿಗೆ ಹೋದಕೂಡ್ಲೆ ನಾ ಅದನ್ನ ಓದಿ, ಅಂವ ಬರೂದ್ರೊಳಗ ಇದ್ದಲ್ಲೇ ಇಡತಿದ್ದೆ. ಮಗನ ಜೋಡಿ ಜಗಳಿಲ್ಲದ ಮಾತಾಡಾಕ ನಮ್ಮಿಬ್ಬರಿಗೂ ಅದೊಂದು ಇತ್ತು. ಇವತ್ತು ನಮ್ಮ ಬಸ್‌ಸ್ಟ್ಯಾಂಡಿನ ಅಂಗಡ್ಯಾಗ ಕನ್ನಡದ ಚಿತ್ರಕಥಿ ಕೇಳಿದ್ರ ಹುಡುಗ ಮಾರಿ ನೋಡ್ತಾನ. ಇಷ್ಟು ಪ್ರೆಸ್ ಇರೂ ಊರಾಗ, ಬೆಟಗೇರಿ ನೇಕಾರರದು, ಮುಂಡರಗಿ ಭೀಮರಾಯಂದು, ಶಿರಹಟ್ಟಿ ಫಕೀರೇಶ್ವರಂದು ಒಂದೊಂದು ಚಿತ್ರಕಥಿ ಬರಬಾರದೇನು? ಚಿತ್ರ ಬರಿಯೂ ಹುಡುಗರು ಅದಾರ, ಕಥಿ ಅದಾವ, ಮಷೀನ್ ಅದಾವ. ಮಾಡ್ತೀನಿ ಅನ್ನೂ ಮಾಲಕ ಒಬ್ಬ ಬೇಕು.

ಅಂಥಾಂವ ಸಿಗೂ ಮಟ ಇದ್ದದ್ದಾದ್ರೂ ಉಳೀಬೇಕು. ನಿಮ್ಮ ಅಟ್ಟದ ಮ್ಯಾಲೆ ಮಗನ ಹಳೇ 'ಬಾಲಮಂಗಳ'ದ ಕಟ್ಟು ಐತಿ ಅಂದಿದ್ರಿ. ರದ್ದಿಗೆ ಹಾಕಬ್ಯಾಡ್ರಿ ಅಕ್ಕಾರ, ಈ ಕಡೆ ಕೊಡ್ರಿ. ಹರದ ಹಾಳಿ ಅಂಟಿಸಿ, ಹೊಲದು, ರಟ್ಟು ಹಾಕಿ ನಿಮ್ಮ ಮೊಮ್ಮಗನ ಕೈಗೆ ಕೊಡ್ತೀನಿ. ಲಕ್ಷ್ಮೇಶ್ವರದ ನಿಮ್ಮ ಬೀಗರಿಗೂ ಒಂದು ಮಾತು ಹೇಳ್ರಿ, ಅವರ ಮನ್ಯಾಗೂ ಇದ್ದಾವು.