ಯಾರ ಮಾರಿ ಕಾಣಬೇಕ್ರಿ?

ಕ್ಯಾಮರಾ ಕೂಡಿಸುವ ಹುಡುಗ ಹೆಗಲ ಮೇಲೆ ನಿಚ್ಚಣಿಕೆ ಹೊತ್ತು ಬಂದವನೇ ಕೇಳುವ ಮೊದಲ ಪ್ರಶ್ನೆ ಇದು: “ಯಾರ ಮಾರಿ ಕಾಣಬೇಕ್ರಿ?”

ಕಳ್ಳಂದು ಅಂದರೆ ಅವನಿಗೆ ಸಾಲದು. “ಅಂವ ಎತ್ಲಾಗಿಂದ ಬರ್ತಾನ, ಅದನ್ ಹೇಳ್ರಿ” ಅನ್ನುತ್ತಾನೆ. ನಮ್ಮ ನಾಗನೂರಿನಂಥ ಊರಲ್ಲಿ ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಎಡಕ್ಕೆ ಕಾಕಾನ ಮನೆ, ಬಲಕ್ಕೆ ಬೀಗರ ಮನೆ, ಹಿಂದೆ ಆಳೆತ್ತರದ ಕಬ್ಬು. ಕಬ್ಬಿನ ಕಡೆಗೆ ಬೆರಳು ಮಾಡೋಣವೆಂದರೆ ಅದೂ ಬೀಗರದೇ.

ಹುಡುಗನ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. 2.8 ಮಿಲಿಮೀಟರ್ ಲೆನ್ಸು ಹಾಕಿದರೆ ಇಡೀ ಅಂಗಳ, ಎಮ್ಮೆ, ಮೇವಿನ ಬಣವೆ ಎಲ್ಲ ಕಾಣುತ್ತವೆ. ಗೇಟಿನಲ್ಲಿ ನಿಂತವನು ಮಾತ್ರ ಅಂಗಿ ತೊಟ್ಟ ಕಡ್ಡಿ. 6 ಮಿಲಿಮೀಟರಿನದಾದರೆ ಗೇಟಿನವನ ಮೀಸೆ ಎಣಿಸಬಹುದು, ಎಮ್ಮೆ ಹೋದರೂ ಗೊತ್ತಾಗುವುದಿಲ್ಲ. ಎರಡು ಮೆಗಾಪಿಕ್ಸೆಲ್ ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ಅಷ್ಟನ್ನೇ ಅಂಗಳಕ್ಕೆಲ್ಲ ಹಂಚಿದರೆ ಒಂದೊಂದು ಮಾರಿಗೆ ಸಿಗುವುದು ಗುಡಿಯ ಪ್ರಸಾದದಷ್ಟು. ಹಾಗಾಗಿ ಯಾರ ಮೇಲೆ ಸಂಶಯ ಪಡಬೇಕೆಂದು ಮೊದಲೇ ನಿಶ್ಚಯಿಸಿಕೊಂಡವನೇ ಒಳ್ಳೆಯ ಗಿರಾಕಿ.

ನ್ಯೂಯಾರ್ಕಿನ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ನರ್ಸಮ್ಮನಿಗೆ ಈ ಸಂಕಟ ಇರಲಿಲ್ಲ. ಗಂಡನ ಜೊತೆಗೂಡಿ ಮನೆಗೊಂದು ಕ್ಯಾಮರಾ ವ್ಯವಸ್ಥೆ ಕಟ್ಟಿ 1969ರಲ್ಲಿ ಪೇಟೆಂಟ್ ಪಡೆದರು. ಬಾಗಿಲಿಗೆ ನಾಲ್ಕು ಕಿಂಡಿ, ಒಳಗೆ ಮೇಲೆ ಕೆಳಗೆ ಸರಿಯುವ ಕ್ಯಾಮರಾ. ಬಡಿದವರು ಯಾರೆಂದು ಬಾಗಿಲು ತೆಗೆಯದೇ ನೋಡಬಹುದು. ಬಾಗಿಲು ಮುಚ್ಚಿಟ್ಟುಕೊಳ್ಳುವವರಿಗೆ ಅದು ಸರಿ. ನಮ್ಮಲ್ಲಿ ಹಾಡಹಗಲು ಬಾಗಿಲು ಮುಚ್ಚಿದರೆ “ಯಾಕ, ಆರಾಮ ಅದೀರಿಲ್ಲೊ?” ಎಂದು ಓಣಿಯೇ ಬಂದು ಬಡಿಯುತ್ತದೆ.

ಮನೆಯದು ಹೇಗೋ ಮುಗಿಯಿತು ಅನ್ನಿ, ತಮ್ಮನ ಕಿರಾಣಿ ಅಂಗಡಿಯದು ಇನ್ನೂ ನಾಜೂಕು. ಗಲ್ಲಾಕ್ಕೆ ಕ್ಯಾಮರಾ ಹಿಡಿದರೆ ಅಲ್ಲಿ ಕೂಡುವವನು ನಮ್ಮ ಅಕ್ಕನ ಮಗ. ಸಕ್ಕರೆ ಚೀಲದತ್ತ ತಿರುಗಿಸಿದರೆ ಗಿರಾಕಿ ಕೇಳುತ್ತಾನೆ, “ಯಾಕ್ರಿ ಸಾವಕಾರ್ರ, ನಾವೇನ್ ಮುಕ್ಕತೇವಂತ ಮಾಡೀರೇನು?” ಕೊನೆಗೆ ತಮ್ಮ ಯಾರಿಗೂ ನೋವಾಗದಂತೆ ಉದ್ರಿ ಪುಸ್ತಕದ ಮೇಲೆ ತಿರುಗಿಸಿದ. ಅದೇ ಕುತ್ತಾಯಿತು. ಹಳೆಯ ಬಾಕಿದಾರನೊಬ್ಬ ಎದೆಯುಬ್ಬಿಸಿ ಬಂದ: “ಶೀಗಿ ಹುಣ್ಣಿವಿಗೇ ಕೊಟ್ಟೀನಿ, ಅದರಾಗ ಇರಬೇಕು, ತಗದ್ ನೋಡ್ರಿ.”

ಎಲ್ಲಿಂದ ತೆಗೆಯುವುದು? ನಾಲ್ಕು ಕ್ಯಾಮರಾ, ಒಂದೊಂದೂ ಸೆಕೆಂಡಿಗೆ ಎರಡು ಮೆಗಾಬಿಟ್‌ನಂತೆ ಬರೆದರೂ ದಿನಕ್ಕೆ ಸುಮಾರು 86 ಜಿಬಿ. ಒಂದು ಟಿಬಿ ಹಾರ್ಡ್‌ಡಿಸ್ಕ್ ಹನ್ನೊಂದು ಹನ್ನೆರಡು ದಿನಕ್ಕೆ ತುಂಬಿ, ಹಳೆಯದನ್ನು ಒರೆಸಿ ಮತ್ತೆ ಮೊದಲಿನಿಂದ ಬರೆಯತೊಡಗುತ್ತದೆ. ಕರೆಂಟು ಹೋದಾಗ ಯುಪಿಎಸ್ ಇಲ್ಲದಿದ್ದರೆ ಅದೂ ಇಲ್ಲ. ನಮ್ಮ ಓಣಿಯ ಆಯಿಗೆ ಯುಪಿಎಸ್ಸೂ ಬೇಡ, ಡಿಸ್ಕೂ ಬೇಡ. ನಲವತ್ತು ವರ್ಷದ ಹಿಂದಿನ ಮದುವೆಯಲ್ಲಿ ಯಾರು ಎರಡನೇ ಹೋಳಿಗೆ ಬಡಿಸದೇ ಮುಂದೆ ಹೋದರೆಂಬುದು ಆಕೆಯಲ್ಲಿ ಇನ್ನೂ ಸ್ಪಷ್ಟವಾಗಿದೆ.

ಕ್ಯಾಮರಾ ಕೊಳ್ಳುವಾಗ ಡಬ್ಬಿಯ ಮೇಲೆ ನೋಡಬೇಕಾದ್ದು ಎರಡೇ. ಮಳೆಗೆ ತಡೆಯುವ ಐಪಿ66 ಅಥವಾ 67, ಮತ್ತೆ ಸರಕಾರದ ಎಸ್‌ಟಿಕ್ಯೂಸಿ ಪರೀಕ್ಷೆಯ ಗುರುತು. 2025ರ ಏಪ್ರಿಲ್‌ನಿಂದ ಈ ಪರೀಕ್ಷೆ ಕಡ್ಡಾಯ. ‘ನೈಟ್ ವಿಷನ್’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ, ನಿಜವೇ. ಆದರೆ ಆ ಇನ್‌ಫ್ರಾರೆಡ್ ದೀಪಕ್ಕೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ, ಜೇಡ ಅಲ್ಲಾಡಿದ್ದಕ್ಕೆ ನಡುರಾತ್ರಿ ಫೋನು ಕಿಣಿಕಿಣಿ ಅನ್ನುತ್ತದೆ. ಬಡಿಗೆ ಹಿಡಿದು ಎದ್ದು ನೋಡಿದರೆ ಪರದೆಯ ತುಂಬ ಎಂಟು ಕಾಲು.

ನಮ್ಮ ಮನೆಯ ಗೇಟಿನ ಕ್ಯಾಮರಾಕ್ಕೆ ಪಕ್ಕದ ಕಾಕಾನ ಬಾಗಿಲೂ ಬೀಳುತ್ತಿತ್ತು. “ನಮ್ಮ ಬಾಗಲಾ ಕಾಣಸ್ತೈತೇನೋ?” ಎಂದು ಕಾಕಾ ಕೇಳಿದ ದಿನವೇ ಹುಡುಗನಿಂದ ಆ ಭಾಗಕ್ಕೆ ಕಪ್ಪು ಚೌಕ ಹಾಕಿಸಿದೆ; ದೃಶ್ಯ ಬರೆದಿಡುವ ಬಹುತೇಕ ಡಿವಿಆರ್‌ಗಳಲ್ಲಿ ಆ ಅನುಕೂಲ ಇರುತ್ತದೆ. ಫೋನು ತೋರಿಸಿದೆ. ಕಾಕಾ ಕನ್ನಡಕ ಏರಿಸಿ ನೋಡಿದರು.

“ಎಲ್ಲಾರ ಮನಿ ಬೆಳ್ಳಗ ಅದಾವು, ನಮ್ಮನಿಗಷ್ಟ ಮಸಿ ಬಡದೀಯಲ್ಲೊ?”

ಚೌಕ ತೆಗೆಸಿದ್ದಾಯಿತು. ಈಗ ಹೊಲಕ್ಕೆ ಹೊರಟಾಗ ಕಾಕಾ ಕ್ಯಾಮರಾದ ಕೆಳಗೆ ನಿಂತು, ತಲೆಯೆತ್ತಿ, “ಬಾಗಲಾ ಕಡೆ ಲಕ್ಷ್ಯ ಇರಲೆಪಾ, ಸಂಜಿಕ್ ಬರ್ತೀನಿ” ಎಂದು ಜೋರಾಗಿ ಅದಕ್ಕೇ ಹೇಳಿ ಹೋಗುತ್ತಾರೆ. ಅದಕ್ಕೆ ಮೈಕ್ ಇಲ್ಲವೆಂಬುದನ್ನು ನಾನಿನ್ನೂ ಅವರಿಗೆ ಹೇಳಿಲ್ಲ.