ಗಣಕಮೌನ ಮೀಮಾಂಸೆ

ಮನೆಯ ಕಂಪ್ಯೂಟರಿನಿಂದ ಸದ್ದು ಬರದಿದ್ದರೆ ಲೌಕಿಕರು ಮೊದಲು ಸ್ಪೀಕರಿನ ನೆತ್ತಿಗೆ ತಟ್ಟುತ್ತಾರೆ. ಇದು ಶಾಸ್ತ್ರಸಮ್ಮತವಲ್ಲ. ಇಲ್ಲದ್ದನ್ನು ಹುಡುಕುವ ಮೊದಲು ಅದು ಯಾವ ಬಗೆಯಲ್ಲಿ ಇಲ್ಲ ಎಂದು ನಿಶ್ಚಯಿಸಿಕೊಳ್ಳಬೇಕು. ಅನ್ನಂಭಟ್ಟನು ‘ತರ್ಕಸಂಗ್ರಹ’ದಲ್ಲಿ ಅಭಾವವನ್ನು ನಾಲ್ಕಾಗಿ ವಿಂಗಡಿಸಿ ನಮಗೆ ದಾರಿ ಮಾಡಿಕೊಟ್ಟಿದ್ದಾನೆ. 17ನೆಯ ಶತಮಾನದ ಆತನಿಗೆ ಸೌಂಡ್ ಡ್ರೈವರಿನ ಪರಿಚಯ ಎಲ್ಲಿಂದ ಬರಬೇಕು ಎಂಬ ಆಕ್ಷೇಪ ನಿಲ್ಲದು. ಪರಿಚಯವಿದ್ದವರು ಕಡಿದು ಕಟ್ಟೆ ಹಾಕಿದ್ದೂ ಅಷ್ಟರಲ್ಲೇ ಇದೆ.

ಮೊದಲನೆಯದು ಪ್ರಾಗಭಾವ, ಹುಟ್ಟುವುದಕ್ಕೆ ಮುಂಚಿನ ಇಲ್ಲ. ಹೊಸದಾಗಿ ವಿಂಡೋಸ್ ಹಾಕಿಸಿದ ಯಂತ್ರಕ್ಕೆ ಡ್ರೈವರ್ ಹಾಕಿರುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಆಶ್ಚರ್ಯಚಿಹ್ನೆ ಕೂತಿರುತ್ತದೆ. ಪೂರ್ವಕಾಲದಲ್ಲಿ ಇದು ಇನ್ನೂ ಕಠಿಣವಾಗಿತ್ತು. 1989ರಲ್ಲಿ ಅವತರಿಸಿದ ಸೌಂಡ್ ಬ್ಲಾಸ್ಟರ್ ಕಾರ್ಡಿನ ಯುಗದಲ್ಲಿ, ಪೋರ್ಟ್ 220, ಐಆರ್‌ಕ್ಯೂ 5, ಡಿಎಂಎ 1 ಎಂದು ಗೋತ್ರ ಪ್ರವರ ಹೇಳಿಕೊಳ್ಳದ ಹೊರತು ಡಾಸ್ ಆಟಗಳು ಸದ್ದನ್ನು ಪಂಕ್ತಿಗೆ ಸೇರಿಸುತ್ತಿರಲಿಲ್ಲ.

ಇದ್ದು ಇಲ್ಲವಾದದ್ದು ಪ್ರಧ್ವಂಸಾಭಾವ. ‘ನಿನ್ನೆ ರಾತ್ರಿ ಬರ್ತಿತ್ತು’ ಎಂಬುದೇ ಇದರ ಲಕ್ಷಣ. ರಾತ್ರೋರಾತ್ರಿ ಬಂದ ಅಪ್‌ಡೇಟು ಹಳೆಯ ಡ್ರೈವರನ್ನು ಎಬ್ಬಿಸಿ ಆ ಜಾಗದಲ್ಲಿ ತನ್ನದನ್ನು ಕೂರಿಸಿರುತ್ತದೆ. ರೋಲ್ ಬ್ಯಾಕ್ ಮಾಡಿದರೆ ಹಲವು ಸಲ ಪರಿಹಾರವುಂಟು. ಆದರೆ ಸಾಕ್ಷಿಗಳ ವಿಚಾರಣೆಯಲ್ಲಿ ಮನೆಮಂದಿಯೆಲ್ಲ ‘ನಾನೇನೂ ಮುಟ್ಟಿಲ್ಲಪ್ಪ’ ಎನ್ನುತ್ತಾರೆ. ಮೀಮಾಂಸಕರು ವೇದವೊಂದನ್ನೇ ಅಪೌರುಷೇಯವೆಂದರು. ಗೃಹಸ್ಥರು ಆ ಪಟ್ಟಿಗೆ ಕಂಪ್ಯೂಟರಿನ ದೋಷಗಳನ್ನೂ ಸೇರಿಸಿದ್ದಾರೆ.

ಮೂರನೆಯದಾದ ಅತ್ಯಂತಾಭಾವದಲ್ಲಿಯೇ ಪಂಡಿತರು ಹೆಚ್ಚಾಗಿ ಎಡವುವುದು. ಮೂರು ಕಾಲದಲ್ಲೂ ಇಲ್ಲದ್ದು ಇದು. ಉದಾಹರಣೆಗೆ, ಮಾನಿಟರಿನೊಳಗೆ ಸ್ಪೀಕರು. ಎಚ್‌ಡಿಎಂಐ ವೈರು ಚಿತ್ರವನ್ನೂ ಸದ್ದನ್ನೂ ಒಟ್ಟಿಗೆ ಹೊರುತ್ತದೆ. ಅದನ್ನು ಸಿಕ್ಕಿಸಿದ ಕೂಡಲೇ ಕಂಪ್ಯೂಟರು ಹೊಸ ನೆಂಟನ ಮೇಲಿನ ಪ್ರೀತಿಯಿಂದ ಸದ್ದನ್ನೆಲ್ಲ ಅತ್ತ ಕಳಿಸಿಬಿಡುವುದುಂಟು, ನೆಂಟನಿಗೆ ಬಾಯಿಯೇ ಇಲ್ಲ ಎಂಬುದನ್ನು ವಿಚಾರಿಸದೆ. ಇಲ್ಲಿ ಅನುಮಾನ ಪ್ರಮಾಣಕ್ಕೇ ಸಂಕಟ. ಸೌಂಡ್ ಸೆಟ್ಟಿಂಗಿನಲ್ಲಿ ಹಸಿರು ಪಟ್ಟಿ ಏರುತ್ತದೆ, ಇಳಿಯುತ್ತದೆ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇರಲೇಬೇಕು. ಇಲ್ಲಿ ಹೊಗೆ ಕಣ್ಣಿಗೆ ಕಟ್ಟಿದಂತಿದ್ದರೂ ಬೆಂಕಿಯ ಬಿಸಿ ತಟ್ಟುತ್ತಿಲ್ಲ. ನ್ಯಾಯಶಾಸ್ತ್ರವೇ ಮುಳುಗಿತೆಂದು ಪೂರ್ವಪಕ್ಷಿ ಕುಣಿಯಬಹುದು. ಸಿದ್ಧಾಂತ ಹೀಗಿದೆ: ಬೆಂಕಿ ಇದೆ, ಪಕ್ಕದ ಬೆಟ್ಟದಲ್ಲಿದೆ. ಮೂಲೆಯ ಸ್ಪೀಕರ್ ಚಿಹ್ನೆಯನ್ನು ಒತ್ತಿ ಔಟ್‌ಪುಟ್ ಬದಲಿಸಿದರೆ ಮುಗಿಯಿತು. ಮಗಳ ಬ್ಯಾಗಿನೊಳಗೆ ಆರಿಸದೆ ಬಿಟ್ಟ ಬ್ಲೂಟೂತ್ ಹೆಡ್‌ಫೋನು ಒಬ್ಬಂಟಿಯಾಗಿ ಇಡೀ ಸಿನಿಮಾ ಕೇಳಿಸಿಕೊಳ್ಳುವುದೂ ಇದೇ ಪ್ರಕರಣ. ಸದ್ದು ನಿಂತಿತೆಂದು ಅಳುವವರ ಮನೆಗಳಲ್ಲಿ ಬಹುಪಾಲು ಸದ್ದು ನಿಂತಿರುವುದೇ ಇಲ್ಲ, ಬೇರೆಯವರ ಮನೆ ಸೇರಿರುತ್ತದೆ ಎಂಬುದು ನನ್ನ ಮತ.

ಅನ್ಯೋನ್ಯಾಭಾವ ಸುಲಭ: ಮಡಕೆ ಬಟ್ಟೆಯಲ್ಲ, ಹಸಿರು ತೂತು ಗುಲಾಬಿ ತೂತಲ್ಲ. ಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ತಿಳಿನೀಲಿ ಲೈನ್-ಇನ್‌ಗೆ ಎಂದು ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಕೂಡಿ 1990ರ ದಶಕದ ಕೊನೆಯಲ್ಲಿ ಸೂತ್ರ ಬರೆದವು. ಸಿಪಿಯು ಡಬ್ಬದ ಬೆನ್ನ ಹಿಂದೆ, ಕತ್ತಲಲ್ಲಿ, ದೂಳಿನ ನಡುವೆ ಕೈಯಾಡಿಸುವವನ ಬೆರಳಿಗೆ ಬಣ್ಣ ತಿಳಿಯುವುದು ಹೇಗೆಂದು ಸೂತ್ರಕಾರರು ಹೇಳಲಿಲ್ಲ.

‘ಆಫ್ ಮಾಡಿ ಆನ್ ಮಾಡಿ’ ಎಂಬ ಪುನರ್ಜನ್ಮವಾದಿಗಳ ಪಂಥವೊಂದಿದೆ. ಅವರ ಮತ ಎಷ್ಟೋ ಸಲ ಫಲ ಕೊಡುತ್ತದೆ, ಜ್ಞಾನ ಕೊಡುವುದಿಲ್ಲ. ಆದ್ದರಿಂದ ವಿದ್ವಾಂಸರು ಅದನ್ನು ಗುಟ್ಟಾಗಿ ಆಚರಿಸುತ್ತಾರೆ. ಲಿನಕ್ಸ್ ಸಂಪ್ರದಾಯದವರದ್ದು ಬೇರೆಯೇ ದಾರಿ. ಆಲ್ಸಾ ಎಂಬ ಭಾಷ್ಯದ ಮೇಲೆ ಪಲ್ಸ್‌ಆಡಿಯೋ ಎಂಬ ಟೀಕೆ, ಆ ಟೀಕೆಯ ಜಾಗಕ್ಕೆ ಪೈಪ್‌ವೈರ್ ಎಂಬ ಹೊಸ ಟೀಕೆ. ಅಧ್ಯಯನದಲ್ಲಿ ಬೆಳಗಾಗುತ್ತದೆ, ಯಾವ ಹಾಡು ಕೇಳಲು ಹೊರಟಿದ್ದೆವೆಂಬುದು ಮರೆತುಹೋಗಿರುತ್ತದೆ.

ಉಳಿದದ್ದು ಪ್ರಮಾಣದ ಪ್ರಶ್ನೆ. ಸ್ಪೀಕರಿನ ತಿರುಗಣೆಯಲ್ಲೊಂದು ವಾಲ್ಯೂಮು, ವಿಂಡೋಸಿನಲ್ಲೊಂದು, ವಿಡಿಯೋದ ಕೆಳಗೆ ಮತ್ತೊಂದು; ಸಾಲದೆಂಬಂತೆ ವಿಸ್ಟಾ ಬಂದಂದಿನಿಂದ ಮಿಕ್ಸರಿನಲ್ಲಿ ಪ್ರತಿ ಪ್ರೋಗ್ರಾಮಿಗೂ ಪ್ರತ್ಯೇಕ ಪಾಲು. ಸಂಶೋಧಕನು ಕಾರಣ ತಿಳಿಯದೆ ಇವನ್ನೆಲ್ಲ ಒಂದೊಂದಾಗಿ ನೂರಕ್ಕೆ ಏರಿಸಿ, ಯಾವುದನ್ನೂ ಇಳಿಸದೆ ಮುಂದೆ ಹೋಗಿರುತ್ತಾನೆ. ಕೊನೆಗೆ ಔಟ್‌ಪುಟ್ ಸರಿಯಾಗುತ್ತದೆ. ಆಗಲೇ ಅಡಿಕೆ ತೋಟದ ಗೊಬ್ಬರದ ಜಾಹೀರಾತೊಂದು ಕಿಟಕಿ ಗಾಜು ನಡುಗುವಂತೆ ಹೊರಡುತ್ತದೆ. ಇದನ್ನು ಯಾವ ಅಭಾವಕ್ಕೆ ಸೇರಿಸಬೇಕೆಂದು ಚಿಂತಿಸುವಷ್ಟರಲ್ಲಿ ಅಡುಗೆಮನೆಯಿಂದ, ‘ರೀ, ಮೊದಲು ಅದನ್ನ ಕಡಿಮೆ ಮಾಡ್ರೀ!’ ಆಪ್ತವಾಕ್ಯವು ಪ್ರಮಾಣವೆಂಬುದರಲ್ಲಿ ನೈಯಾಯಿಕರಿಗೆ ಸಂದೇಹವಿಲ್ಲ. ಏರಿಸಿದ್ದರಲ್ಲಿ ಯಾವುದನ್ನು ಮೊದಲು ಇಳಿಸಬೇಕೆಂಬುದಷ್ಟೇ ವಿವಾದ.